ನೀರಿಗಿಂತ ಒಂದು ಮಾತು ದಪ್ಪ

(ಮುಂಬಯಿಯ ಮಾಟುಂಗದಲ್ಲಿ ಒಂದು ಭಾನುವಾರ ಸಂಜೆ ಕನ್ನಡಿಗರ ಕೂಟದಲ್ಲಿ ಆಡಿದ ಮಾತು. ಧ್ವನಿಮುದ್ರಣ ಕೇಳಿ ಬರೆದು, ಅಲ್ಲಲ್ಲಿ ತಿದ್ದಿದ್ದು.)

ಎಲ್ಲರೂ ಒಮ್ಮೆ ತಲೆ ಎತ್ತಿ ಮೇಲಿನ ಫ್ಯಾನ್ ನೋಡಿ. ತಿರುಗುತ್ತಿದೆ, ಏನೂ ಕಾಣುವುದಿಲ್ಲ. ನಾನು ಬೇಗ ಬಂದಿದ್ದೆ, ಆಗ ಇನ್ನೂ ಸ್ವಿಚ್ ಹಾಕಿರಲಿಲ್ಲ. ಮೂರೂ ರೆಕ್ಕೆಗಳ ಮೇಲೆ ಕೆಂಪು ಬಣ್ಣದಲ್ಲಿ ಬರೆದಿದೆ. ಒಂದರಲ್ಲಿ ಕೊಟ್ಟವರ ಹೆಸರು, ಇನ್ನೊಂದರಲ್ಲಿ ಯಾರ ನೆನಪಿಗೆ ಕೊಟ್ಟರೋ ಅವರ ಹೆಸರು, ಮೂರನೆಯದರಲ್ಲಿ ಊರು. ಗೋಡೆಯ ಕಲ್ಲಿನಲ್ಲಿ ಹೆಸರಿದೆ, ಕುರ್ಚಿಯ ಬೆನ್ನಿನಲ್ಲಿ ಇದೆ, ಒಳಗೆ ಸಾಂಬಾರು ಕುದಿಯುತ್ತಿರುವ ಪಾತ್ರೆಯ ಕಂಠದಲ್ಲೂ ಇದೆ. ಮುಂಬಯಿ ಸಂಘಗಳವರು ಚಮಚಕ್ಕೂ ಹೆಸರು ಕೆತ್ತಿಸುತ್ತಾರೆ ಅಂತ ಊರಿನವರು ನಗುತ್ತಾರೆ. ನಾನೂ ನಕ್ಕವನೇ. ಈಗ ನಗು ಸ್ವಲ್ಪ ಕಡಿಮೆಯಾಗಿದೆ. ಯಾಕೆ ಅಂತ ಹೇಳಬೇಕಾದರೆ ದೋಸೆಯಿಂದ ಶುರು ಮಾಡಬೇಕು.

ನನ್ನ ದೊಡ್ಡಮ್ಮ ಗೋರೆಗಾಂವಿನಲ್ಲಿ ಇದ್ದಾರೆ. ಮದುವೆಯಾಗಿ ಬಂದು ಐವತ್ತು ವರ್ಷ ದಾಟಿತು. ನೀರುದೋಸೆ ಹಿಟ್ಟು ಎಷ್ಟು ತೆಳ್ಳಗಿರಬೇಕು ಅಂತ ಅವರನ್ನು ಕೇಳಿದರೆ ಲೋಟ, ಚಮಚದ ಲೆಕ್ಕ ಸಿಗುವುದಿಲ್ಲ. ಸೌಟಿನಲ್ಲಿ ಹಿಟ್ಟು ಎತ್ತಿ, ಪಾತ್ರೆಗೆ ವಾಪಸ್ ಸುರಿದು, ಅದು ಬೀಳುವ ಸದ್ದು ಕೇಳುತ್ತಾರೆ. ಆಮೇಲೆ, "ಮಜ್ಜಿಗೆಗಿಂತ ತೆಳು, ನೀರಿಗಿಂತ ಒಂದು ಮಾತು ದಪ್ಪ" ಅನ್ನುತ್ತಾರೆ. ಒಂದು ಮಾತು ದಪ್ಪ! ಈ ಅಳತೆಯನ್ನು ನಾನು ಬೇರೆ ಯಾರ ಬಾಯಲ್ಲೂ ಕೇಳಿಲ್ಲ.

ಕೆಲವು ವರ್ಷಗಳ ಹಿಂದೆ ನಾವು ಏಳೆಂಟು ಜನ ಸೇರಿ ಕರಾವಳಿ ಅಡುಗೆಮನೆಯ ಮಾತುಗಳ ಒಂದು ಪದಪಟ್ಟಿ ಮಾಡಿದೆವು. ಆಫೀಸು ಮುಗಿಸಿ, ಲೋಕಲ್ ರೈಲಿನಲ್ಲಿ ಸೀಟು ಸಿಕ್ಕ ದಿನ ಫೋನಿನಲ್ಲೇ ಟೈಪು ಮಾಡಿದ ಕೆಲಸ ಅದು. ಯಾರು ಬೇಕಾದರೂ ಬಳಸಿ, ತಿದ್ದಿ, ಮುಂದೆ ಹಂಚಿ, ಎಲ್ಲಿಂದ ತೆಗೆದದ್ದು ಅಂತ ಮಾತ್ರ ಹೇಳಿ ಎಂಬ ಕರಾರಿನಲ್ಲಿ ಅದನ್ನು ಬಿಟ್ಟುಕೊಟ್ಟೆವು. ನೀರುದೋಸೆಯ ಕೆಳಗೆ ನಾನು ದೊಡ್ಡಮ್ಮನ ಮಾತನ್ನು ಹಾಗೆಯೇ ಬರೆದಿದ್ದೆ.

ಈಗ ನನ್ನ ತಂಗಿಯ ಮಗಳು ಪುಣೆಯಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಬಾಡಿಗೆ ಮನೆ, ಹೊಸ ಕಾವಲಿ, ಅಡುಗೆ ಬರುವುದಿಲ್ಲ. ಅಮ್ಮನಿಗೆ ಫೋನ್ ಮಾಡಿದರೆ ಬೈಗುಳ ಗ್ಯಾರಂಟಿ ಅಂತ ಒಂದು ಎಐ ಆ್ಯಪನ್ನು ಕೇಳಿದ್ದಾಳೆ. ಅದು ಚೆನ್ನಾದ ಕನ್ನಡದಲ್ಲಿ ಹೇಳಿಕೊಟ್ಟಿದೆ. ಅವಳು ಸ್ಕ್ರೀನ್‌ಶಾಟ್ ಕಳಿಸಿ, "ಮಾಮ, ಇದು ಗೋರೆಗಾಂವ್ ಅಜ್ಜಿಯ ಮಾತಲ್ವಾ?" ಅಂತ ಕೇಳಿದಳು. ನೋಡಿದರೆ ಹೌದು. ನೀರಿಗಿಂತ ಒಂದು ಮಾತು ದಪ್ಪ. ಈ ಮಾತು ನಿನಗೆ ಎಲ್ಲಿ ಸಿಕ್ಕಿತು ಅಂತ ನಾನೇ ಅದನ್ನು ಕೇಳಿದೆ. ಇದು ಕರಾವಳಿ ಕರ್ನಾಟಕದ ಸಾಂಪ್ರದಾಯಿಕ ನುಡಿಗಟ್ಟು ಎಂಬ ಉತ್ತರ ಬಂತು.

ನನಗೆ ಸಿಟ್ಟು ಬಂದದ್ದು ಮಾತನ್ನು ತೆಗೆದುಕೊಂಡದ್ದಕ್ಕಲ್ಲ. ತೆಗೆದುಕೊಳ್ಳಲಿ ಅಂತಲೇ ಇಟ್ಟದ್ದು. ಆ ಹುಡುಗಿಗೆ ದೋಸೆ ಬಂತು, ಅದು ಸಂತೋಷವೇ. ಸಿಟ್ಟು ಬಂದದ್ದು 'ಸಾಂಪ್ರದಾಯಿಕ' ಎಂಬ ಪದಕ್ಕೆ. ಗೋರೆಗಾಂವಿನ ಮೂರನೇ ಮಹಡಿಯಲ್ಲಿ ಕೂತಿರುವ ಒಬ್ಬ ಹೆಂಗಸು ಒಂದೇ ಪದದಲ್ಲಿ ಸಂಪ್ರದಾಯವಾಗಿಬಿಟ್ಟರು. ಬದುಕಿದ್ದಾರೆ ಸ್ವಾಮೀ, ಮೊನ್ನೆ ತಾನೇ ನನಗೆ ಪತ್ರೊಡೆ ಕೊಟ್ಟರು.

ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಪಟ್ಟಿಯಿಂದಲೇ ಹೋಯಿತು ಅಂತ ನಾನು ಸಾಬೀತು ಮಾಡಲಾರೆ. ಕುಂದಾಪುರದಲ್ಲೋ ಕಾಪುವಿನಲ್ಲೋ ಇನ್ನೊಬ್ಬ ದೊಡ್ಡಮ್ಮ ಇದೇ ಮಾತು ಹೇಳುತ್ತಿರಬಹುದು. ಆದರೆ ಸಾಬೀತು ಮಾಡಲು ಆಗದೆ ಇರುವುದೇ ಇಲ್ಲಿನ ತೊಡಕು.

ಯಾಕೆ ಆಗುವುದಿಲ್ಲ? ಇಂಥ ಯಂತ್ರ ಎರಡು ರೀತಿಯಲ್ಲಿ ಉತ್ತರ ಕೊಡುತ್ತದೆ. ಒಂದು, ರುಬ್ಬಿದ್ದು. ಕೋಟಿಗಟ್ಟಲೆ ಪುಟಗಳನ್ನು ಚೂರು ಚೂರು ಮಾಡಿ, ಒಂದು ಚೂರಿನ ನಂತರ ಯಾವ ಚೂರು ಬರುವ ಸಂಭವ ಜಾಸ್ತಿ ಎಂಬುದನ್ನು ಮತ್ತೆ ಮತ್ತೆ ಅಭ್ಯಾಸ ಮಾಡಿಸುತ್ತಾರೆ. ಕೊನೆಗೆ ಉಳಿಯುವುದು ಬರೀ ಅಂಕಿಗಳ ರಾಶಿ. ಆ ರಾಶಿಯಲ್ಲಿ ಯಾವ ವಾಕ್ಯಕ್ಕೂ ವಿಳಾಸ ಇಲ್ಲ. ಅಕ್ಕಿ ರುಬ್ಬಿ ಹಿಟ್ಟು ಮಾಡಿದ ಮೇಲೆ ಯಾವ ಕಾಳು ಯಾವ ಗದ್ದೆಯದ್ದು ಅಂತ ಹೇಳಿ ನೋಡೋಣ! ಎರಡನೆಯದು, ತಂದು ಬಡಿಸಿದ್ದು. ನೀವು ಕೇಳಿದ ಹೊತ್ತಿಗೆ ಯಂತ್ರ ಹೊರಗೆ ಹೋಗಿ ಹುಡುಕಿ, ನಾಲ್ಕು ಪುಟ ಓದಿ, ಬಂದು ಹೇಳುತ್ತದೆ. ಎದುರು ಬೀದಿಯ ಹೋಟೆಲಿನಿಂದ ಪಾರ್ಸೆಲ್ ತಂದು ತಟ್ಟೆಗೆ ಹಾಕಿದ ಹಾಗೆ. ಇಲ್ಲಿ ಯಾವ ಹೋಟೆಲು ಅಂತ ಹೇಳುವುದಕ್ಕೆ ಏನೂ ಕಷ್ಟವಿಲ್ಲ. ಕೈಯಲ್ಲಿ ಬಿಲ್ಲು ಇದೆ. ಆದರೂ ಹೇಳದೆ, ನಮ್ಮ ಮನೆಯದ್ದೇ ಅನ್ನುವ ಹಾಗೆ ಬಡಿಸಿದರೆ ಅದು ಆಗದ ಕೆಲಸ ಅಲ್ಲ, ಮಾಡದ ಕೆಲಸ.

ಈ ಎರಡನ್ನೂ ಬೆರೆಸಿಬಿಡುತ್ತಾರೆ. ಹೆಸರು ಹೇಳಿ ಅಂದರೆ, ತಾಂತ್ರಿಕವಾಗಿ ಸಾಧ್ಯವೇ ಇಲ್ಲ ಎಂಬ ಉತ್ತರ ಬರುತ್ತದೆ. ರುಬ್ಬಿದ ಹಿಟ್ಟಿಗೆ ಅದು ಬಹುಮಟ್ಟಿಗೆ ನಿಜ. ಪಾರ್ಸೆಲ್ಲಿಗೆ ನಿಜ ಅಲ್ಲ. ರುಬ್ಬಿದ ಹಿಟ್ಟಿಗೂ ಕೂಡ, ಕಾಳಿನ ಗದ್ದೆ ಗೊತ್ತಾಗದಿದ್ದರೂ ಯಾವ ಯಾವ ಅಂಗಡಿಯಿಂದ ಎಷ್ಟು ಮೂಟೆ ತಂದೆ ಅಂತ ಹೇಳಬಹುದಲ್ಲ? ಯುರೋಪಿನಲ್ಲಿ 2025ರ ಆಗಸ್ಟಿನಿಂದ ಈ ಬಗೆಯ ದೊಡ್ಡ ಮಾದರಿಗಳನ್ನು ಹೊಸದಾಗಿ ಹೊರತರುವವರು ಯಾವ ಸಾಮಗ್ರಿಯಿಂದ ತರಬೇತಿ ಕೊಟ್ಟೆವು ಎಂಬುದರ ಸಾರಾಂಶವನ್ನು ಪ್ರಕಟಿಸಬೇಕು ಅಂತ ಕಾನೂನೇ ಇದೆ. ಮೂಟೆಗಳ ಪಟ್ಟಿ ಅಷ್ಟೇ. ಅದಕ್ಕೂ ಕಾನೂನು ಬೇಕಾಯಿತು.

ಒಳ್ಳೆಯ ಮೂಟೆ ಯಾವುದು ಅಂತ ಅವರಿಗೆ ಚೆನ್ನಾಗಿ ಗೊತ್ತಿದೆ. 2020ರಲ್ಲಿ ಚಾಟ್‌ಜಿಪಿಟಿಯ ಕಂಪನಿ ಓಪನ್‌ಎಐ ತನ್ನ ಜಿಪಿಟಿ-3 ಎಂಬ ಎಐ ಮಾದರಿಯ ಬಗ್ಗೆ ಬರೆದ ಪ್ರಬಂಧದಲ್ಲಿ ಒಂದು ಕೋಷ್ಟಕ ಇದೆ. ಇಡೀ ಇಂಟರ್ನೆಟ್ಟಿನಿಂದ ಬಾಚಿ ತಂದ ದೊಡ್ಡ ರಾಶಿಯನ್ನು ತರಬೇತಿಯಲ್ಲಿ ಅರ್ಧದಷ್ಟೂ ಓದಿಸಲಿಲ್ಲ. ವಿಕಿಪೀಡಿಯವನ್ನು ಮಾತ್ರ 3.4 ಸಲ ಓದಿಸಿದರು. ಅಂದರೆ ಸಂಬಳ ಇಲ್ಲದೆ, ರಾತ್ರಿ ಕೂತು, ಒಂದು ಅಲ್ಪವಿರಾಮಕ್ಕೆ ಜಗಳ ಆಡುತ್ತಾ ಜನ ಬರೆದದ್ದೇ ಒಳ್ಳೆಯ ಅಕ್ಕಿ.

ಆ ಜನ ಏನು ಕೇಳಿದ್ದರು? ವಿಕಿಪೀಡಿಯದ ಬರಹಗಳು 2009ರಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಇವೆ. ಬಳಸಿ, ಮಾರಿ, ದುಡ್ಡು ಮಾಡಿ, ತೊಂದರೆ ಇಲ್ಲ. ಬರೆದವರನ್ನು ಹೇಳಿ, ಏನಾದರೂ ಬದಲಿಸಿದ್ದರೆ ಅದನ್ನೂ ಹೇಳಿ, ನೀವು ಕಟ್ಟಿದ್ದನ್ನು ಇದೇ ಕರಾರಿನಲ್ಲಿ ಮುಂದಿನವರಿಗೆ ಬಿಡಿ. ಸಾವಿರ ಜನ ತಿದ್ದಿದ ಲೇಖನವಾದರೆ ಸಾವಿರ ಹೆಸರು ಬರೆಯಬೇಕಾಗಿಯೂ ಇಲ್ಲ, ಆ ಪುಟಕ್ಕೆ ಒಂದು ಕೊಂಡಿ ಕೊಟ್ಟರೆ ಸಾಕು. ಇದಕ್ಕಿಂತ ಅಗ್ಗದ ಬಾಡಿಗೆ ಮುಂಬಯಿಯಲ್ಲಿ ಸಿಗುತ್ತದಾ?

ನಮ್ಮ ಹಳೆಯ ಶಾಸನಗಳವರು ಇಷ್ಟು ಮೆತ್ತಗೆ ಇರಲಿಲ್ಲ. ದಾನ ಕೊಟ್ಟವನ ಹೆಸರು, ಗದ್ದೆಯ ನಾಲ್ಕು ಎಲ್ಲೆ, ಸಾಕ್ಷಿಗಳು, ಎಷ್ಟೋ ಕಲ್ಲುಗಳಲ್ಲಿ ಬರೆದವನ ಹೆಸರೂ ಇರುತ್ತದೆ. ಕೊನೆಗೆ ಒಂದು ಶ್ಲೋಕ. ತಾನು ಕೊಟ್ಟದ್ದಾಗಲಿ ಬೇರೆಯವರು ಕೊಟ್ಟದ್ದಾಗಲಿ, ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟುತ್ತಾನೆ ಅಂತ. ಕ್ರಿಯೇಟಿವ್ ಕಾಮನ್ಸ್‌ನವರು ಈ ಸಾಲು ಸೇರಿಸಿಲ್ಲ. ಸೇರಿಸಬಹುದಿತ್ತು.

ಹೆಸರು ಅಂದರೆ ಹೊಗಳಿಕೆ ಅಂತ ತಿಳಿಯಬೇಡಿ. ಹೆಸರು ಅಂದರೆ ವಿಳಾಸ. ತಪ್ಪಿದ್ದರೆ ಹೋಗಿ ಕೇಳಲು, ಅನುಮಾನ ಬಂದರೆ ನೋಡಲು ಒಂದು ಜಾಗ. ನಮ್ಮ ವಚನಕಾರರು ಇದನ್ನು ಎಷ್ಟು ಸರಳವಾಗಿ ಮಾಡಿದರು ನೋಡಿ. ಹೆಸರನ್ನು ಪುಟದ ಕೆಳಗೆ ಇಡಲಿಲ್ಲ, ಮಾತಿನ ಒಳಗೇ ಹೊಲಿದುಬಿಟ್ಟರು. ಕೂಡಲಸಂಗಮದೇವ ಅಂದರೆ ಬಸವಣ್ಣ, ಗುಹೇಶ್ವರ ಅಂದರೆ ಅಲ್ಲಮ, ಚೆನ್ನಮಲ್ಲಿಕಾರ್ಜುನ ಅಂದರೆ ಅಕ್ಕ. ಅದೂ ತಮ್ಮ ಹೆಸರಲ್ಲ, ದೇವರ ಹೆಸರು. ದಾಸರಲ್ಲೂ ಹಾಗೆಯೇ. ಇಲ್ಲಿ ನೀವು ದಿನಾ ಕೇಳುವ ತುಕಾರಾಮರ ಅಭಂಗಗಳಲ್ಲೂ 'ತುಕಾ ಮ್ಹಣೇ', ಅಂದರೆ ತುಕಾ ಹೇಳುತ್ತಾನೆ ಅಂತ, ಬಾರದೆ ಹಾಡು ಮುಗಿಯುವುದಿಲ್ಲ. ಬರೆಯಲು ಬಾರದವರ ಬಾಯಿಂದ ಬಾಯಿಗೆ ಹೋದರೂ ಹೆಸರು ಉದುರುವುದಿಲ್ಲ. ಅಂಕಿತ ಎಷ್ಟು ದೊಡ್ಡ ವಿಷಯ ಅಂದರೆ, ಬಸವಣ್ಣನವರ ವಚನಗಳ ಅಂಕಿತವನ್ನು ಬದಲಿಸಿ ಅಚ್ಚು ಹಾಕಿದ ಪುಸ್ತಕವನ್ನು 1998ರಲ್ಲಿ ಕರ್ನಾಟಕ ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತು. ವಿಷಯ ಸುಪ್ರೀಂ ಕೋರ್ಟಿನ ತನಕ ಹೋಗಿ, 2017ರಲ್ಲಿ ಅಲ್ಲಿಯೂ ಸರ್ಕಾರದ ಆದೇಶವೇ ನಿಂತಿತು. ಒಂದು ಪದಕ್ಕಾಗಿ ಹತ್ತೊಂಬತ್ತು ವರ್ಷ.

ಈಗ ಯಂತ್ರ ಈ ಅಂಕಿತಕ್ಕೆ ಏನು ಮಾಡುತ್ತದೆ ಕೇಳಿ. ಕಳೆದ ವರ್ಷ ಒಂದು ಸ್ಮರಣ ಸಂಚಿಕೆಯ ಕರಡು ನೋಡುವ ಕೆಲಸ ನನ್ನ ಪಾಲಿಗೆ ಬಂತು. ಒಂದು ಲೇಖನದ ತಲೆಯಲ್ಲಿ ಪರಿಸರ ರಕ್ಷಣೆಯ ಬಗ್ಗೆ ಒಂದು ವಚನ. ಮರ ಕಡಿಯಬೇಡ, ಕೆರೆ ಕೆಡಿಸಬೇಡ ಅಂತ ಸಾಲಾಗಿ ಬಂದು, ಕೊನೆಗೆ ಕೂಡಲಸಂಗಮದೇವ. ಓದಲು ಚೆನ್ನಾಗಿತ್ತು, ಆದರೆ ಶಾಲೆಯ ಭಿತ್ತಿಪತ್ರದ ವಾಸನೆ. 'ವಚನ ಸಂಚಯ' ಅಂತ ಒಂದು ತಾಣ ಇದೆ. ಸ್ವಯಂಸೇವಕರು ಕಟ್ಟಿದ್ದು. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಪದ ಹಿಡಿದು ಹುಡುಕಬಹುದು. ಸಾಲು ಹಾಕಿದೆ, ಇಲ್ಲ. ಪದ ಹಾಕಿದೆ, ಇಲ್ಲ. ಬರೆದವರಿಗೆ ಫೋನ್ ಮಾಡಿದರೆ, "ಎಐ ಕೊಟ್ಟಿತಲ್ಲ ಸರ್, ಬಸವಣ್ಣಂದೇ ಅಂತು" ಅಂದರು. ಅಂದರೆ ಇದ್ದ ಹೆಸರನ್ನು ಕಳಚುವುದು ಒಂದು ಕಡೆ, ಇಲ್ಲದ ಹೆಸರನ್ನು ಅಂಟಿಸುವುದು ಇನ್ನೊಂದು ಕಡೆ. ದೊಡ್ಡಮ್ಮನ ಮಾತಿಗೆ ಹೆಸರಿಲ್ಲ, ಬಸವಣ್ಣ ಆಡದ ಮಾತಿಗೆ ಬಸವಣ್ಣನ ಹೆಸರು.

ಅದನ್ನು ನಾವು ಅಚ್ಚು ಹಾಕಿದ್ದರೆ? ಸಂಚಿಕೆಯ ಪಿಡಿಎಫ್ ಹೊರಗೆ ಹೋಗುತ್ತಿತ್ತು. ಮುಂದಿನ ವರ್ಷದ ಯಂತ್ರ ಅದನ್ನು ಓದುತ್ತಿತ್ತು. ಆಮೇಲೆ ಕೇಳಿದವರಿಗೆಲ್ಲ ಮುಂಬಯಿ ಕನ್ನಡಿಗರ ಸಂಚಿಕೆಯನ್ನೇ ಆಧಾರ ಅಂತ ತೋರಿಸುತ್ತಿತ್ತು. ಇಂಗ್ಲಿಷಿನ ಸಮುದ್ರಕ್ಕೆ ಒಂದು ಚೊಂಬು ಕೊಳಕು ನೀರು ಬಿದ್ದರೆ ಗೊತ್ತಾಗುವುದಿಲ್ಲ. ನಮ್ಮದು ಮನೆಯ ಬಾವಿ. 2010ರ ಹೊತ್ತಿಗೆ ಗೂಗಲ್ ತನ್ನ ಅನುವಾದದ ಉಪಕರಣದಿಂದ ಕನ್ನಡ ವಿಕಿಪೀಡಿಯಕ್ಕೂ ಇಂಗ್ಲಿಷ್ ಲೇಖನಗಳನ್ನು ತಂದು ಹಾಕಿಸಿತ್ತು. ಆ ಕನ್ನಡವನ್ನು ತಿದ್ದುವುದಕ್ಕಿಂತ ಹೊಸದಾಗಿ ಬರೆಯುವುದು ಸುಲಭ ಎಂಬಂಥ ಪುಟಗಳು ಎಷ್ಟೋ ಇದ್ದವು. ತಿದ್ದುತ್ತಾ ಕೂತವರಲ್ಲಿ ನಾನೂ ಒಬ್ಬ, ಸುಮ್ನೆ ಹೇಳುತ್ತಿಲ್ಲ.

ಇಷ್ಟು ಹೊತ್ತು ಯಂತ್ರವನ್ನು ಬೈದದ್ದಾಯಿತು. ಈಗ ನನ್ನ ಸರದಿ.

ಸ್ಕ್ರೀನ್‌ಶಾಟ್ ಬಂದ ರಾತ್ರಿ ಸಿಟ್ಟಿನಲ್ಲಿ ನಮ್ಮ ಪದಪಟ್ಟಿ ತೆಗೆದು ನೋಡಿದೆ. ನೀರುದೋಸೆ. ವಿವರಣೆ ಇದೆ. ದೊಡ್ಡಮ್ಮನ ಮಾತು ಇದೆ. ಸೇರಿಸಿದವರು ಎಂಬಲ್ಲಿ ನನ್ನ ಹೆಸರು ಇದೆ. ದೊಡ್ಡಮ್ಮನ ಹೆಸರು? ಎಲ್ಲೂ ಇಲ್ಲ. 'ಕರಾವಳಿಯಲ್ಲಿ ಹೀಗೆ ಹೇಳುತ್ತಾರೆ' ಅಂತ ಬರೆದಿದ್ದೇನೆ, ನನ್ನದೇ ಕೈಯಲ್ಲಿ. ಸಂಪ್ರದಾಯ ಮಾಡಿದ್ದು ಯಂತ್ರ ಅಲ್ಲ, ನಾನು. ಅದು ನನ್ನ ವಾಕ್ಯವನ್ನು ಸ್ವಲ್ಪ ದೊಡ್ಡ ಪದಗಳಲ್ಲಿ ಹೇಳಿತು ಅಷ್ಟೇ. ಆ ಪಟ್ಟಿಯಲ್ಲಿ ನಾನು ಸೇರಿಸಿದ ಪದಗಳು ನಾನೂರರ ಹತ್ತಿರ. ಒಂದೊಂದನ್ನೂ ಯಾರೋ ಹೇಳಿದ್ದು. ಸಾಸೂನ್ ಡಾಕಿನಲ್ಲಿ ಮೀನಿನ ಕೆಲಸ ಮಾಡಿ ನಿವೃತ್ತರಾದವರು, ಹೋಟೆಲಿನ ಭಟ್ಟರು, ನಮ್ಮ ಬಿಲ್ಡಿಂಗಿನ ಅಜ್ಜಿಯಂದಿರು. ಎಲ್ಲರೂ 'ಹೀಗೆ ಹೇಳುತ್ತಾರೆ' ಆಗಿದ್ದಾರೆ.

ಇದು ನಮ್ಮಲ್ಲಿ ಹಳೆಯ ಚಾಳಿ. ಇಲ್ಲಿ ಎಷ್ಟು ಜನ ಕಂಪ್ಯೂಟರಿನಲ್ಲಿ ನುಡಿ ಕೀಲಿಮಣೆಯಲ್ಲಿ ಕನ್ನಡ ಟೈಪು ಮಾಡುತ್ತೀರಿ? ಕೈ ಎತ್ತಿ. ಹತ್ತಿಪ್ಪತ್ತು ಜನ ಇದ್ದೀರಿ. ಆ ವಿನ್ಯಾಸ ಮೂಲದಲ್ಲಿ ಯಾರದ್ದು? ಈಗ ಎರಡೇ ಕೈ. ಕೆ.ಪಿ. ರಾವ್ ಅವರದ್ದು. ಇದೇ ಮುಂಬಯಿಯಲ್ಲಿ ಟಾಟಾ ಪ್ರೆಸ್ಸಿನಲ್ಲಿ ಕೆಲಸ ಮಾಡಿದವರು. ವಿನ್ಯಾಸವನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ನಾವು ದಿನಾ ಅವರ ಮೇಲೆ ಬೆರಳು ಆಡಿಸುತ್ತೇವೆ, ಹೆಸರು ಮಾತ್ರ ಮರೆತಿದ್ದೇವೆ. ಇದಕ್ಕೆ ಯಾವ ಎಐ ಕೂಡ ಬೇಕಾಗಲಿಲ್ಲ.

ಹಾಗಂತ ಎರಡೂ ಒಂದೇ ಅನ್ನುತ್ತಿಲ್ಲ. ನಾನು ಮಾಡಿದ ತಪ್ಪನ್ನು ಆ ರಾತ್ರಿಯೇ ತಿದ್ದಬಹುದಿತ್ತು. ಹಿಟ್ಟಾದ ಮೇಲೆ ತಿದ್ದಲು ಆಗುವುದಿಲ್ಲ. ಇನ್ನೊಂದು ವ್ಯತ್ಯಾಸವೂ ಇದೆ. ಹಿಂದೆ ಯಾರೋ ನಮ್ಮ ಪಟ್ಟಿಯನ್ನು ಹುಡುಕಿಕೊಂಡು ಬರುತ್ತಿದ್ದರು, ಹತ್ತು ಜನದಲ್ಲಿ ಒಬ್ಬರು ಉಳಿದು ಒಂದು ಪದ ಸೇರಿಸುತ್ತಿದ್ದರು. ಈಗ ಉತ್ತರ ಅಲ್ಲೇ ಸಿಗುತ್ತದೆ, ಯಾರೂ ಬರುವುದಿಲ್ಲ. ವಿಕಿಪೀಡಿಯಕ್ಕೂ ಇದೇ ಹಣೆಬರಹ. ಓದುವ ಮನುಷ್ಯರ ಭೇಟಿ ಹಿಂದಿನ ವರ್ಷಕ್ಕಿಂತ ಸುಮಾರು 8 ಶೇಕಡಾ ಇಳಿದಿದೆ ಅಂತ 2025ರಲ್ಲಿ ಅವರೇ ಹೇಳಿದರು. ಅದೇ ವರ್ಷ ಇನ್ನೊಂದು ಲೆಕ್ಕ ಕೊಟ್ಟರು: 2024ರ ಜನವರಿಯಿಂದ ಚಿತ್ರ, ವಿಡಿಯೊ ಇಳಿಸಿಕೊಳ್ಳುವ ಭಾರ 50 ಶೇಕಡಾ ಏರಿದೆ, ಏರಿಸಿದವರು ಹೆಚ್ಚಾಗಿ ಯಂತ್ರಗಳು. ಊಟಕ್ಕೆ ಬರುವವರು ಕಡಿಮೆ, ಪಾತ್ರೆ ಹೊತ್ತುಕೊಂಡು ಹೋಗುವವರು ಜಾಸ್ತಿ.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ, ಅದು ವಕೀಲರ ಊಟ. ಒಂದು ಸುದ್ದಿಸಂಸ್ಥೆ ಓಪನ್‌ಎಐ ಮೇಲೆ 2024ರ ನವೆಂಬರಿನಲ್ಲಿ ದೆಹಲಿ ಹೈಕೋರ್ಟಿಗೆ ಹೋಯಿತು. ತರಬೇತಿಗೆ ಬಳಸುವವರು ರಾಯಧನ ಕಟ್ಟುವ ವ್ಯವಸ್ಥೆ ಬರಲಿ ಅಂತ ಕೇಂದ್ರದ ಸಮಿತಿಯೊಂದು 2025ರ ಡಿಸೆಂಬರಿನಲ್ಲಿ ಪ್ರಸ್ತಾವ ಮುಂದಿಟ್ಟಿದೆ. ಬರಲಿ, ಒಳ್ಳೆಯದೇ. ಆದರೆ ದುಡ್ಡು ಸಂಘಟನೆ ಇದ್ದವರಿಗೆ ತಲುಪುತ್ತದೆ. ದೊಡ್ಡಮ್ಮ ಯಾವ ಸೊಸೈಟಿಯ ಸದಸ್ಯೆ? ಬಿಲ್ಡಿಂಗ್ ಸೊಸೈಟಿ ಬಿಟ್ಟರೆ ಯಾವುದೂ ಇಲ್ಲ. ಜಾಗದ ಮಾಲೀಕರಿಗೂ ಬರೆದವರಿಗೂ ವ್ಯತ್ಯಾಸ ಇದೆ ಎಂಬುದನ್ನೂ ನೆನಪಿಡಿ. 2024ರ ಮೇ ತಿಂಗಳಲ್ಲಿ ಪ್ರೋಗ್ರಾಮರುಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋ ಓಪನ್‌ಎಐ ಜೊತೆ ಒಪ್ಪಂದ ಮಾಡಿಕೊಂಡಾಗ, ಅಲ್ಲಿ ವರ್ಷಗಟ್ಟಲೆ ಪುಕ್ಕಟೆ ಉತ್ತರ ಬರೆದ ಕೆಲವರು ಸಿಟ್ಟಿನಿಂದ ತಮ್ಮದೇ ಉತ್ತರಗಳನ್ನು ಅಳಿಸಲು ಹೊರಟರು. ಅವರ ಖಾತೆಗಳನ್ನೇ ತಡೆಹಿಡಿದರು. ಇಲ್ಲಿ ಕೂತಿರುವ ಸಾಫ್ಟ್‌ವೇರಿನವರಿಗೆ ಈ ಕಥೆ ಗೊತ್ತು, ತಲೆ ಆಡಿಸುತ್ತಿದ್ದೀರಿ.

ಇನ್ನು ಧ್ವನಿ. ಕೇಂದ್ರ ಸರ್ಕಾರದ ಭಾಷಾ ಎಐ ಯೋಜನೆ ಭಾಷಿಣಿಯಲ್ಲಿ ಜನರಿಂದ ದನಿ, ಬರಹ ಕೂಡಿಸುವ ಭಾಗಕ್ಕೆ 'ಭಾಷಾದಾನ' ಅಂತ ಹೆಸರು. ಮೊಜಿಲ್ಲಾದ ದನಿಸಂಗ್ರಹ ಕಾಮನ್ ವಾಯ್ಸ್‌ನಲ್ಲಿ ಕೊಟ್ಟ ದನಿ ಸಿಸಿ-ಜೀರೋ ಕರಾರಿನಲ್ಲಿ ಹೋಗುತ್ತದೆ, ಅಂದರೆ ಹೆಸರು ಹೇಳಬೇಕೆಂಬ ಷರತ್ತೂ ಇಲ್ಲ. ಇದು ಮೋಸ ಅಲ್ಲ, ಮೊದಲೇ ಬರೆದಿರುತ್ತಾರೆ. ಆದರೆ ಓದುವವರು ಯಾರು? ಇಂಥದ್ದೇ ಒಂದು ಕೆಲಸಕ್ಕೆ ನಾನು ನಮ್ಮ ಮಹಿಳಾ ವಿಭಾಗದ ಹನ್ನೆರಡು ಜನರಿಂದ ವಾಕ್ಯ ಓದಿಸಿದ್ದೆ. ಒಬ್ಬರು ಓದಿ ಮುಗಿಸಿ ಮೊಬೈಲ್ ವಾಪಸ್ ಕೊಡುವಾಗ, "ಇದು ಎಲ್ಲಿಗೆ ಹೋಗ್ತದೆ ಮಗಾ?" ಅಂತ ಕೇಳಿದರು. "ಕನ್ನಡಕ್ಕೆ ಹೋಗ್ತದೆ ಅಮ್ಮ" ಅಂದೆ. ಎಷ್ಟು ಚೆಂದದ ಉತ್ತರ, ಎಷ್ಟು ಟೊಳ್ಳು. ಯಾವ ಕರಾರು, ವಾಪಸ್ ಪಡೆಯಬಹುದಾ, ಯಾರು ಮಾರಬಹುದು, ಒಂದನ್ನೂ ಹೇಳಲಿಲ್ಲ. ಅವರು ಕೇಳಿದ್ದು ಸರಿಯಾದ ಪ್ರಶ್ನೆ, ನಾನು ಕೊಟ್ಟದ್ದು ಭಾಷಣ.

ಸರಿಯಾಗಿ ಮಾಡಿದವರು ಇಲ್ಲೇ ಪಕ್ಕದಲ್ಲಿ ಇದ್ದರು. ಪುಣೆಯಲ್ಲಿ ಹೇಮಾ ರೈರ್ಕರ್ ಮತ್ತು ಗೀ ಪ್ವಾತ್ವೆಂ ಅಂತ ಇಬ್ಬರು ಸಂಶೋಧಕರು ಮಹಾರಾಷ್ಟ್ರದ ಸಾವಿರಕ್ಕೂ ಹೆಚ್ಚು ಹಳ್ಳಿಗಳಿಂದ ಬೀಸುವ ಕಲ್ಲಿನ ಓವಿಗಳನ್ನು ಕೂಡಿಸಿದರು. ಲಕ್ಷಕ್ಕೂ ಹೆಚ್ಚು ಹಾಡು. ನಮ್ಮ ಬೀಸುವ ಪದಗಳ ಅಕ್ಕತಂಗಿಯರು. ಈಗ ಅವನ್ನು ಹಳ್ಳಿಗಳ ಬದುಕನ್ನು ದಾಖಲಿಸುವ ಮುಂಬಯಿಯ ಪರಿ ಸಂಸ್ಥೆ 2017ರಿಂದ ಹೊರತರುತ್ತಿದೆ. ಹಾಡಿದ ಹೆಂಗಸಿನ ಹೆಸರು, ಹಳ್ಳಿ, ತಾಲೂಕು, ಸಿಕ್ಕಿದರೆ ಫೋಟೊ. ನಾವು ಇಂಥ ಹಾಡುಗಳನ್ನು 'ಅನಾಮಿಕ ಜನಪದ' ಅಂತ ಹಾಕಿ ಮುಗಿಸಿಬಿಡುತ್ತಿದ್ದೆವು. ಅನಾಮಿಕ ಅಲ್ಲ, ಯಾರೂ ಕೇಳಿರಲಿಲ್ಲ ಅಷ್ಟೇ.

ಮುಂದಿನ ಸ್ಮರಣ ಸಂಚಿಕೆಗೆ ಲೇಖನ ಕೊಡುವವರಿಗೆ ಒಂದು ಮಾತು, ಕಮಿಟಿಯವರು ಬೇಸರ ಮಾಡಿಕೊಳ್ಳಬಾರದು. ಎಐ ಬಳಸಿ, ನಾನೂ ಬಳಸುತ್ತೇನೆ. ಆದರೆ ಬಳಸಿದ್ದನ್ನು ಬರೆಯಿರಿ. ಅದು ತೋರಿಸಿದ ಮೂಲಕ್ಕೆ ಹೋಗಿ, ಆ ಪುಟ ನಿಜವಾಗಿ ಇದೆಯಾ ಅಂತ ತೆರೆದು ನೋಡಿ. ಎಷ್ಟೋ ಸಲ ಇರುವುದಿಲ್ಲ. ಇದ್ದರೆ ಯಂತ್ರದ ಹೆಸರು ಬಿಟ್ಟು ಆ ಪುಟದ ಹೆಸರು ಹಾಕಿ. ವಚನವಾದರೆ ಸಂಪುಟ ನೋಡದೆ ಅಚ್ಚಿಗೆ ಕೊಡಬೇಡಿ. ಅಜ್ಜಿ ಹೇಳಿದ್ದಾದರೆ ಅಜ್ಜಿಯ ಹೆಸರು, ಊರು.

ಹಾಕುವ ಮೊದಲು ಅಜ್ಜಿಯನ್ನು ಕೇಳಿ. ಇದು ನನಗೆ ಆಮೇಲೆ ಗೊತ್ತಾಯಿತು. ತಪ್ಪು ತಿದ್ದಿಕೊಳ್ಳುವ ಉತ್ಸಾಹದಲ್ಲಿ ನಾನು ಗೋರೆಗಾಂವಿಗೆ ಓಡಿದೆ. ದೊಡ್ಡಮ್ಮ ಕಾವಲಿ ಮುಂದೆ ಇದ್ದರು. ನಿಮ್ಮ ಹೆಸರು ಹಾಕುತ್ತೇನೆ, ಇಡೀ ಪ್ರಪಂಚ ನೋಡುತ್ತದೆ ಅಂದೆ. ಸೌಟು ಕೆಳಗಿಡದೆ, "ನನ್ನ ಹೆಸರು ಎಂತಕ್ಕೆ ಮಾರಾಯ? ಅದು ನಂದಲ್ಲ. ನಮ್ಮ ಅತ್ತೆಯ ಮಾತು" ಅಂದರು. ಮದುವೆಯಾದ ಹೊಸತರಲ್ಲಿ ಹಿಟ್ಟು ದಪ್ಪ ಮಾಡಿ ಬೈಸಿಕೊಂಡಾಗ ಅತ್ತೆ ಹೇಳಿಕೊಟ್ಟದ್ದಂತೆ. ಅತ್ತೆಗೆ ಯಾರು ಹೇಳಿದರೋ, ಅದು ಅವರಿಗೂ ಗೊತ್ತಿಲ್ಲ. "ಹಾಕುವುದಾದರೆ ಅವರದ್ದು ಹಾಕು. ನಂದು ಬೇಡ. ಸುಮ್ನೆ ಎಲ್ಲರ ಫೋನು ಬರ್ತದೆ."

ಹಾಗಾಗಿ ಈಗ ನಮ್ಮ ಪಟ್ಟಿಯಲ್ಲಿ ನೀರುದೋಸೆಯ ಕೆಳಗೆ, ತೀರಿಹೋಗಿ ಮೂವತ್ತು ವರ್ಷವಾದ ಒಬ್ಬ ಅತ್ತೆಯ ಹೆಸರು ಇದೆ, ಅವರ ಊರು ಇದೆ, 'ಸೊಸೆಯ ಬಾಯಿಂದ ಕೇಳಿದ್ದು' ಅಂತ ಇದೆ. ಉಳಿದ ನಾನೂರರಲ್ಲಿ ಇಲ್ಲಿಯವರೆಗೆ ಅರವತ್ತೆರಡು ಪದಗಳಿಗೆ ಹೇಳಿದವರನ್ನು ಹುಡುಕಿ ಬರೆದಿದ್ದೇನೆ. ಕೆಲವರು ಬೇಡ ಅಂದರು, ಕೆಲವರು ಈಗ ಇಲ್ಲ. ಕಳೆದ ವಾರ ಅದೇ ಆ್ಯಪನ್ನು ಮತ್ತೆ ಕೇಳಿದೆ. ಇನ್ನೂ ಸಾಂಪ್ರದಾಯಿಕ ನುಡಿಗಟ್ಟು ಅಂತಲೇ ಹೇಳುತ್ತಿದೆ.